ನಾನೂರ ಇಪ್ಪತ್ತು ಗ್ರಾಂ ಮುದ್ದೆ ಮತ್ತು ಕ್ಯಾಂಟೀನ್ ಆಂಟಿ

ಡಯಟ್ ಮಾಡುತ್ತಿದ್ದೇನೆ ಎಂದು ಬೀದಿಗೆಲ್ಲ ಹೇಳಿಕೊಂಡು, ಅನ್ನ ಬಿಟ್ಟು, ಸಕ್ಕರೆ ಬಿಟ್ಟು, ಬೆಳಿಗ್ಗೆ ವಾಕಿಂಗ್ ಹೋಗಿ ಬಂದು ತೂಕದ ಯಂತ್ರದ ಮೇಲೆ ನಿಂತರೆ ಅಂಕಿ ಇದ್ದಲ್ಲೇ ಇದೆ. ನಿಮಗೂ ಹೀಗಾಗಿದೆಯಾ? ಯಂತ್ರ ಕೆಟ್ಟಿರಬೇಕು ಎಂದು ಬ್ಯಾಟರಿ ಬದಲಾಯಿಸಿದ್ದೀರಾ? ನಾನು ಬದಲಾಯಿಸಿದ್ದೇನೆ. ಎರಡು ಸಲ.

ಕೆಟ್ಟಿದ್ದು ಯಂತ್ರವಲ್ಲ ಎಂದು ಕಂಡುಹಿಡಿದದ್ದು ಒಂದು ಕಣ್ಣು. ನಮ್ಮ ಕ್ಯಾಂಟೀನ್ ಆಂಟಿಯ ಬಲಗಣ್ಣು. ಅವರು ತಟ್ಟೆ ನೋಡುವ ರೀತಿಯೇ ಬೇರೆ. ಎಡಗಣ್ಣು ಪೂರ್ತಿ ಮುಚ್ಚುತ್ತಾರೆ, ಸೊಂಟ ಬಗ್ಗಿಸಿ ಬಲಗಣ್ಣನ್ನು ತಟ್ಟೆಯ ಅಂಚಿನ ಮಟ್ಟಕ್ಕೆ ತರುತ್ತಾರೆ, ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಮುಂಗೈ ಮೇಲೆ ಯಾವಾಗಲೋ ಕೊಪ್ಪರಿಗೆಯ ಅಂಚು ತಾಗಿ ಸುಟ್ಟ ಗುರುತು ಅರ್ಧ ಬಳೆಯಂತೆ ಸುತ್ತಿಕೊಂಡಿದೆ. ಎರಡು ಸೆಕೆಂಡ್ ಅಷ್ಟೇ. ನೆಟ್ಟಗಾಗಿ ಒಂದು ಸಂಖ್ಯೆ ಹೇಳುತ್ತಾರೆ. ಅದು ಆ ತಟ್ಟೆಯಲ್ಲಿರುವ ಊಟದ ತೂಕ.

ಆಂಟಿ ಹುಟ್ಟಿದ್ದು ಹಲಸೂರಿನಲ್ಲಿ, ಮನೆಮಾತು ತಮಿಳು. ವಿಮಾನಪುರದ ಕಡೆ ಒಂದು ದೊಡ್ಡ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮೂವತ್ತೆರಡು ವರ್ಷ ಬಡಿಸಿದವರು. ಅಲ್ಲಿ ಪಕ್ಕದವನ ತಟ್ಟೆಗೆ ಒಂದು ಚೂರು ಅನ್ನ ಜಾಸ್ತಿ ಬಿದ್ದರೂ ಸಾಲಿನಲ್ಲಿ ಗಲಾಟೆಯಂತೆ. ಹಾಗೆ ಪಳಗಿದ ಕಣ್ಣು ಅದು. ನಿವೃತ್ತಿಯಾಗಿ ಕ್ವಾರ್ಟರ್ಸ್ ಖಾಲಿ ಮಾಡಿ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದರು.

ನಮ್ಮದು ಕೆ.ಆರ್. ಪುರದ ಕಡೆಯ ಹಳೇ ಊರಿನ ಮನೆ. ಅಜ್ಜ ರಾಗಿ ಬೆಳೆದ ಹೊಲದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಬೆಳೆದರು. ನಾನು ಅವುಗಳ ನೀರಿನ ಮೋಟರ್ ಹಾಕಿ ಆರಿಸುತ್ತೇನೆ. ಮಿಕ್ಕ ಹೊತ್ತು ಇಲ್ಲಿ ನಿಮ್ಮ ತಲೆ ತಿನ್ನುತ್ತೇನೆ. ಇಂಥ ಕೆಲಸಕ್ಕೆ ತೊಂಬತ್ತಾರು ಕೆಜಿ ಏನೂ ಅಡ್ಡಿಯಾಗಿರಲಿಲ್ಲ. ನನ್ನ ತಂಗಿಯ ಲಿವರ್ ಸೋಲುವವರೆಗೆ.

ಅವಳದು ಮೈಯೇ ತನ್ನ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆ. ಔಷಧಿಯ ಕಾಲ ಮುಗಿದಿದೆ, ಮನೆಯವರು ಯಾರಾದರೂ ಲಿವರಿನ ಒಂದು ಭಾಗ ಕೊಡಬೇಕು ಎಂದರು ಡಾಕ್ಟರು. ಅವಳ ಗಂಡನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ನಾನು ಎದೆ ಉಬ್ಬಿಸಿಕೊಂಡು ಸ್ಕ್ಯಾನಿಗೆ ಹೋದೆ. ರಿಪೋರ್ಟ್ ನೋಡಿ ಡಾಕ್ಟರು ತಲೆಯಾಡಿಸಿದರು. ನನ್ನ ಲಿವರಿನಲ್ಲಿ ಕೊಬ್ಬು ತುಂಬಿದೆ, ಈ ಸ್ಥಿತಿಯಲ್ಲಿ ಕತ್ತರಿಸಿದರೆ ಇಬ್ಬರಿಗೂ ಅಪಾಯ. ಮೂರು ತಿಂಗಳು ಟೈಮ್. ಎಂಟು ಹತ್ತು ಕೆಜಿ ಇಳಿಸಿ, ಕೊಬ್ಬು ಕರಗಿಸಿ ಬಂದರೆ ನೋಡೋಣ. ಅದಕ್ಕಿಂತ ತಡವಾದರೆ ತಂಗಿ ತಡೆಯುವುದು ಕಷ್ಟ.

ಆಸ್ಪತ್ರೆಯ ಡಯಟಿಷಿಯನ್ ಒಂದು ಚಾರ್ಟ್ ಕೊಟ್ಟರು. ಅನ್ನ ಮುದ್ದೆ ಚಪಾತಿ ತೀರಾ ಕಮ್ಮಿ, ಸೊಪ್ಪು ತರಕಾರಿ ಮೊಟ್ಟೆ ಮೀನು ಜಾಸ್ತಿ, ವಾರಕ್ಕೊಮ್ಮೆ ಕೊಬ್ಬಿಲ್ಲದ ಮಾಂಸ, ದಿನಕ್ಕೆ ಇಷ್ಟೇ ಕ್ಯಾಲೊರಿ. ನಾನು ಮೊದಲ ಸಾಲಿನ ಮೊದಲ ಪದ ಓದಿದೆ. ಅನ್ನ ಬಿಟ್ಟೆ. ಫೋನಿಗೆ ಕ್ಯಾಲೊರಿ ಲೆಕ್ಕದ ಆಪ್ ಹಾಕಿಕೊಂಡೆ. ರಾಗಿ ಒಳ್ಳೇದು ಎಂದು ನಾವು ಹಾಲು ಕುಡಿಯುವಾಗಿನಿಂದ ಕೇಳಿದವರಲ್ಲವೇ? ಅದಕ್ಕೇ ಅನ್ನದ ಜಾಗದಲ್ಲೂ ಮುದ್ದೆ ಕೂರಿಸಿದೆ. ಮಧ್ಯಾಹ್ನ ಒಂದು, ರಾತ್ರಿ ಒಂದು. ಆಪಿನಲ್ಲಿ 'ರಾಗಿ ಮುದ್ದೆ, ಒಂದು' ಎಂದು ನಿಯತ್ತಾಗಿ ಒತ್ತುತ್ತಿದ್ದೆ. ಆಪ್ ದಿನಾ ಹಸಿರು ಗುರುತು ಕೊಟ್ಟು ಶಹಬ್ಬಾಸ್ ಅನ್ನುತ್ತಿತ್ತು. ಐದು ವಾರ ಕಳೆಯಿತು. ಇಳಿದದ್ದು ಅರ್ಧ ಕೆಜಿ.

ಒಂದು ಮಧ್ಯಾಹ್ನ ಮೇಲೆ ನೀರು ಬರುತ್ತಿಲ್ಲ ಎಂದು ಹೇಳಲು ಆಂಟಿ ಕೆಳಗಿಳಿದು ಬಂದರು. ನಾನು ಊಟಕ್ಕೆ ಕೂತಿದ್ದೆ. ಅಮ್ಮ ಎದುರಿಗೆ ನಿಂತು ಸಾರು ಬಡಿಸುತ್ತಿದ್ದಳು.

"ಮೋಟರ್ ಹಾಕಿ ಸಾರ್," ಎಂದ ಆಂಟಿಯ ಮಾತು ಅಲ್ಲೇ ನಿಂತಿತು. "ಏನ್ ಸಾರ್ ಇದು?"

"ಮುದ್ದೆ ಆಂಟಿ. ಒಂದೇ. ಡಯಟಲ್ಲಿದೀನಿ."

ಎಡಗಣ್ಣು ಮುಚ್ಚಿತು. ಸೊಂಟ ಬಗ್ಗಿತು.

"ನಾನೂರ ಇಪ್ಪತ್ತು ಗ್ರಾಂ."

ನಾನು ನಕ್ಕೆ. ಹೊಸದಾಗಿ ತಂದಿಟ್ಟು ಡಬ್ಬಿಯಿಂದಲೇ ತೆಗೆಯದ ಅಡುಗೆ ತಕ್ಕಡಿ ಮನೆಯಲ್ಲಿತ್ತು. ತಂದು, ಮುದ್ದೆ ಎತ್ತಿ ಇಟ್ಟೆ. ನಾನೂರ ಹದಿನಾರು.

"ನಾಲ್ಕು ಗ್ರಾಂ ತಪ್ಪು ಆಂಟಿ."

"ಆವಿ ಹೋಯ್ತು," ಎಂದರು, ಮುಖದಲ್ಲಿ ನಗುವೇ ಇಲ್ಲ. "ನಿಮ್ ಫೋನಲ್ಲಿ ಒಂದು ಮುದ್ದೆ ಅಂದ್ರೆ ಎಷ್ಟಂತೆ?"

ಅವತ್ತಿನವರೆಗೂ ನಾನು ನೋಡಿರಲಿಲ್ಲ. ನೋಡಿದೆ. ನೂರೈವತ್ತು ಗ್ರಾಂ. ಅಂದರೆ ನಾನು ಒಂದು ಎಂದು ಒತ್ತಿದಾಗಲೆಲ್ಲ ಸುಮಾರು ಮೂರು ತಿನ್ನುತ್ತಿದ್ದೆ. ದಿನಕ್ಕೆ ಎರಡಲ್ಲ, ಆರು.

ಅಮ್ಮನಿಗೆ ರೇಗಿತು. "ಇದೇನ್ ದೊಡ್ದೇನವ್ವ? ಇವರಜ್ಜ ಇಂಥವು ಎರಡು ಹೊಡೀತಿದ್ರು, ಒಂದೇ ಉಸಿರಿಗೆ!"

"ಅಜ್ಜ ಏನ್ ಮಾಡ್ತಿದ್ರಮ್ಮಾ?"

"ಉಳ್ತಿದ್ರು. ನೀನ್ ನಿಂತಿದೀಯಲ್ಲ, ಇದೇ ಹೊಲ."

"ಇವರೇನ್ ಉಳ್ತಾರೆ? ಫೋನಾ?"

ನಾನು ಜೋರಾಗಿ ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ಕೂತಳು. "ಅವಳಿಗೆ ಕೊಡಬೇಕಾದೋನು ಇವನು. ಇವನೇ ಸೊರಗಿ ಕೂತ್ರೆ ಕೊಡೋದಾದ್ರೂ ಏನು? ನಾನು ಅದಕ್ಕೇ ಒಂದ್ ಹಿಡಿ ಜಾಸ್ತಿನೇ ತಿರುವ್ತೀನಿ ಕಣವ್ವ."

ಅರ್ಥವಾಯಿತಾ ನಿಮಗೆ? ಮಗಳು ಉಳಿಯಲಿ ಎಂದು ನಮ್ಮಮ್ಮ ಮಗನನ್ನು ದಪ್ಪ ಮಾಡುತ್ತಿದ್ದಳು. ಹೊಲ ಹೋಗಿ ನಲವತ್ತು ವರ್ಷವಾಗಿದೆ, ನಮ್ಮ ಮನೆಯ ಮುದ್ದೆ ಮಾತ್ರ ಇನ್ನೂ ನೇಗಿಲು ಹಿಡಿದವನ ಅಳತೆಯಲ್ಲೇ ಇದೆ. ಅಜ್ಜಿಯ ಅಂಗೈಯಿಂದ ಅಮ್ಮನ ಅಂಗೈಗೆ ಬಂದ ಅಳತೆ. ಅದು ನಮ್ಮ ಯಾರ ಕಣ್ಣಿಗೂ ದೊಡ್ಡದಾಗಿ ಕಂಡೇ ಇರಲಿಲ್ಲ.

ಆಂಟಿ ಸರಕ್ಕನೆ ತಿರುಗಿ ಮೇಲೆ ಹೋದರು. ಕೋಪ ಬಂತೇನೋ ಅಂದುಕೊಂಡೆ. ಐದು ನಿಮಿಷಕ್ಕೆ ವಾಪಸ್ ಬಂದರು, ಕೈಯಲ್ಲೊಂದು ಪುಟ್ಟ ಸ್ಟೀಲ್ ಬಟ್ಟಲು. ಅಂಚು ಸವೆದು ಬ್ಲೇಡಿನಂತಾಗಿತ್ತು. ಅಮ್ಮನ ಪಕ್ಕ ನೆಲದ ಮೇಲೆ ಕೂತರು.

"ಹೊಟ್ಟೆ ತುಂಬ ಬಡಿಸೋದು ನಂಗೂ ಗೊತ್ತಮ್ಮಾ. ಮೂವತ್ತೆರಡು ವರ್ಷ ಅದೇ ಮಾಡ್ದೆ. ಇದು ಚಟ್ನಿ ಅಳತೆ ಬಟ್ಲು. ನೀರಲ್ಲಿ ಅದ್ದಿ ಮುದ್ದೆ ತುಂಬಿದ್ರೆ ನೂರು ಗ್ರಾಂ. ಮಧ್ಯಾಹ್ನ ಒಂದು, ರಾತ್ರಿ ಇಲ್ಲ. ಮಗಳಿಗೋಸ್ಕರ ಮಗನ ತಟ್ಟೆ ಕಮ್ಮಿ ಮಾಡ್ಬೇಕು. ನಾನ್ ಮಾಡಿದ್ರೆ ಇವರು ಕದ್ದು ತಿಂತಾರೆ. ನೀವೇ ಮಾಡ್ಬೇಕು."

ಅಮ್ಮ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಕೂಸಿಗೆ ತಿನ್ನಿಸೋ ಅಷ್ಟು," ಎಂದಳು. ಆದರೆ ಅವತ್ತು ರಾತ್ರಿ ಒಲೆಯ ಮೇಲೆ ಮುದ್ದೆಯ ಪಾತ್ರೆ ಏರಲಿಲ್ಲ.

ಮಾರನೇ ದಿನದಿಂದ ಆಂಟಿಯ ರಾಜ್ಯಭಾರ. ಆಸ್ಪತ್ರೆಯ ಚಾರ್ಟನ್ನು ಪೂರ್ತಿ ಓದಿಸಿಕೊಂಡರು, ಅದರ ಆಚೆಗೆ ಒಂದು ಹೆಜ್ಜೆ ಇಡಲು ಬಿಡಲಿಲ್ಲ. ಬಸ್ಸಾರು ಮಾಡಿದರೆ ತಟ್ಟೆ ತುಂಬ ಪಲ್ಯ, ಮೂಲೆಯಲ್ಲಿ ಬಟ್ಟಲು ಮುದ್ದೆ. ರಾತ್ರಿ ಮೊಟ್ಟೆ, ಸೊಪ್ಪು, ಇಲ್ಲವೇ ಮೀನು. ಎಣ್ಣೆ ಚಮಚದಲ್ಲಿ. ಮತ್ತೆ ಒಂದೇ ಒಂದು ಕಾನೂನು: ತುತ್ತು ಎತ್ತುವ ಮೊದಲು ತಟ್ಟೆಯ ಫೋಟೋ ಅವರ ಫೋನಿಗೆ ಹೋಗಬೇಕು. ತಿಂದ ಮೇಲೆ ಬರೆದುಕೊಂಡರಾಗದೇ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ನಾನು ಫ್ರಿಜ್ ಮೇಲೆ ಅಂಟಿಸಿದ್ದೇನೆ: "ತಿನ್ನೋಕೆ ಮುಂಚೆ ಬರೆದ್ರೆ ಲೆಕ್ಕ. ತಿಂದ್ಮೇಲೆ ಬರೆದ್ರೆ ಕಥೆ."

ಶನಿವಾರ ಬೆಳಿಗ್ಗೆ ನನ್ನನ್ನು ರಸೆಲ್ ಮಾರ್ಕೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದರು. ಶಿವಾಜಿನಗರ ಬಸ್ ಸ್ಟಾಂಡಿನಲ್ಲಿ ಇಳಿದು ನಡೆದೇ ಹೋಗಬೇಕು, ಆಟೋ ಇಲ್ಲ. ಅಲ್ಲಿನ ಮಟನ್ ಅಂಗಡಿಯ ಭಾಯಿಗೆ ಆಂಟಿ ಹಳೇ ಪರಿಚಯ.

"ಕ್ಯಾ ಅಮ್ಮಾ, ಚರ್ಬಿ ಎಲ್ಲಾ ತೆಗೆಸ್ತೀರಲ್ಲ? ಸ್ವಲ್ಪ ಇರ್ಲಿ, ಪುಕ್ಕಟೆ ಹಾಕ್ತೀನಿ."

"ಬೇಡ ಭಾಯಿ. ಸಾರ್ ಹತ್ರ ಸ್ಟಾಕ್ ಇದೆ," ಎಂದು ನನ್ನ ಹೊಟ್ಟೆ ತೋರಿಸಿದರು. ಅಕ್ಕಪಕ್ಕದ ಮೂರು ಅಂಗಡಿಯವರು ನಕ್ಕರು.

ತೂಕ ಇಳಿಯತೊಡಗಿತು. ಮೊದಲ ವಾರವೇ ಎರಡು ಕೆಜಿ. ಎರಡನೇ ವಾರ ಒಂದೂವರೆ. ಆಂಟಿ ನನ್ನನ್ನು ಸಾರ್ ಅನ್ನುವುದು ಬಿಟ್ಟು, ತಮಿಳಿನಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ ಕಣ್ಣಾ ಅನ್ನಲು ಶುರುಮಾಡಿದರು. ನೀವು ಹೋಗಿ ನೀನು ಬಂತು. ನಲವತ್ತಾರು ವರ್ಷದ ಗಂಡಸಿಗೆ ಅದು ಎಷ್ಟು ಖುಷಿ ಕೊಟ್ಟಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರನೇ ವಾರ ನಾನು ಜಾರಿಬಿದ್ದೆ. ಹಿಂದಿನ ರೂಮಿನಲ್ಲಿ ಕಲಬುರಗಿ ಕಡೆಯ ಸಂಸಾರವೊಂದಿದೆ. ಅವರ ಮಗುವಿಗೆ ಹೆಸರಿಡುವ ದಿನ. "ಓನರ್ರು ನಮ್ಮನ್ಯಾಗ ಉಣ್ಣಲಾರದ ಹೋದ್ರ ಹೆಂಗ್ರೀ," ಎಂದು ಬಿಸಿ ಹೋಳಿಗೆ ಮುಂದಿಟ್ಟರು, ಮೇಲೆ ತುಪ್ಪ. ನಾಲ್ಕು ತಿಂದೆ. ಫೋಟೋ ಕಳಿಸಲಿಲ್ಲ. ರಾತ್ರಿ ಬರೀ ಸೊಪ್ಪಿನ ಫೋಟೋ ಕಳಿಸಿ ಮಹಾತ್ಮನಂತೆ ಮಲಗಿದೆ.

ಮಹಡಿಯಿಂದ ಆ ರೂಮಿನ ಬಾಗಿಲು ನೇರವಾಗಿ ಕಾಣುತ್ತದೆ ಎನ್ನುವುದನ್ನು ಮರೆತಿದ್ದೆ. ಬೆಳಿಗ್ಗೆ ಆಂಟಿ ಮೆಟ್ಟಿಲಲ್ಲಿ ಸಿಕ್ಕರು. "ಹೋಳಿಗೆ ಚೆನ್ನಾಗಿತ್ತಾ, ಓನರ್ ಸಾರ್?"

ಸಾರ್ ವಾಪಸ್ ಬಂದಿತ್ತು, ಓನರ್ ಅನ್ನುವುದನ್ನೂ ಜೊತೆಗೆ ಕರೆದುಕೊಂಡು. ಬೈಯಲಿಲ್ಲ. "ಆಸ್ಪತ್ರೆಗೆ ಹೋಗೋಣ, ನಿಮ್ ತಂಗೀನ ನೋಡ್ಬೇಕು," ಎಂದರು ಅಷ್ಟೇ.

ತಂಗಿ ವಾರ್ಡಿನಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ಅರಿಶಿನದ ಬಣ್ಣ. ತೋಳು ನನ್ನ ಮಣಿಕಟ್ಟಿನಷ್ಟಾಗಿತ್ತು. ಮುಂದೆ ಇಡ್ಲಿಯ ತಟ್ಟೆ ಮುಟ್ಟದೆ ಆರಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣ, ಇಳಿದುಬಿಟ್ಟಿದೀಯ ಕಣೋ. ತುಂಬ ಹಸಿವಾಗುತ್ತಾ?" ಎಂದು ಕೇಳಿದಳು.

ಹೊಟ್ಟೆಯಲ್ಲಿ ನಾಲ್ಕು ಹೋಳಿಗೆ ಇಟ್ಟುಕೊಂಡು ಹೂಂ ಎಂದೆ.

"ನಂಗೆ ಹಸಿವು ಅನ್ನೋದೇ ಮರೆತುಹೋಗಿದೆ," ಎಂದಳು. "ಒಂದ್ಸಲ ಚೆನ್ನಾಗಿ ಹಸಿವಾಗಿ, ಅಮ್ಮನ ಮುದ್ದೆ ತಿನ್ಬೇಕು ಅಂತ ಆಸೆ ಅಣ್ಣ."

ವಾಪಸ್ ಬರುವಾಗ ಬಸ್ಸಿನಲ್ಲಿ ಆಂಟಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ನಾನೇ ಫೋನ್ ತೆಗೆದು ಅವರಿಗೆ ಮೆಸೇಜ್ ಕಳಿಸಿದೆ: ಹೋಳಿಗೆ ನಾಲ್ಕು, ತುಪ್ಪ ಎರಡು ಚಮಚ. ಪಕ್ಕದಲ್ಲೇ ಅವರ ಚೀಲದೊಳಗೆ ಫೋನ್ ಸದ್ದು ಮಾಡಿತು. ತೆಗೆದು ಓದಿದರು.

"ಮೂರು ಚಮಚ," ಎಂದರು. ಫೋನನ್ನು ಚೀಲಕ್ಕೆ ಹಾಕಿಕೊಂಡು, "ನಾಳೆಯಿಂದ ಸರಿ ಮಾಡ್ಕೋ ಕಣ್ಣಾ."

ಆಮೇಲೆ ಜಾರಲಿಲ್ಲ. ಹಸಿವಾದಾಗಲೆಲ್ಲ ತಂಗಿಯ ಆರಿದ ಇಡ್ಲಿ ನೆನಪಾಗುತ್ತಿತ್ತು. ಹಸಿವು ಶಿಕ್ಷೆ ಅನ್ನಿಸುವುದು ನಿಂತುಹೋಯಿತು. ಅವಳಿಗೆ ಇಲ್ಲದ್ದು ನನಗಿದೆ, ಅವಳಿಗೆ ತಲುಪಿಸಲು ನಾನು ಹೊತ್ತು ತಿರುಗುತ್ತಿದ್ದೇನೆ ಅನ್ನಿಸತೊಡಗಿತು. ಮೂರನೇ ತಿಂಗಳ ಕೊನೆಗೆ ಎಂಬತ್ತಾರೂವರೆ ಕೆಜಿ. ಸ್ಕ್ಯಾನ್ ಆಯಿತು. ಡಾಕ್ಟರು ಹಳೇ ಚಿತ್ರ ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, "ಏನ್ರೀ ಮಾಡಿದ್ರಿ?" ಎಂದರು. ನನ್ನ ಹಿಂದೆ ನಿಂತಿದ್ದ ಅಮ್ಮ ಸೆರಗಿನೊಳಗಿಂದ ಆ ಸ್ಟೀಲ್ ಬಟ್ಟಲನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಅವಳು ಅದನ್ನು ತಂದಿದ್ದು ನನಗೂ ಗೊತ್ತಿರಲಿಲ್ಲ.

ಆಪರೇಷನ್ ಇಡೀ ಹಗಲು ನಡೆಯಿತು. ನನ್ನ ಲಿವರಿನ ತುಂಡು ತಂಗಿಯ ಹೊಟ್ಟೆಯಲ್ಲಿ ಕೆಲಸ ಶುರುಮಾಡಿತು. ವಾರದೊಳಗೆ ಅವಳ ಕಣ್ಣಿನ ಹಳದಿ ಇಳಿಯಿತು. ನನ್ನ ಹೊಟ್ಟೆಯ ಮೇಲೆ ಈಗೊಂದು ಉದ್ದ ಗೆರೆ ಇದೆ. ಹೊಟ್ಟೆ ಕರಗದಿದ್ದರೆ ಇನ್ನೂ ಉದ್ದ ಇರುತ್ತಿತ್ತು ಎಂದು ಆಂಟಿ ಹಂಗಿಸುತ್ತಾರೆ.

ಮೂರು ತಿಂಗಳಾದ ಮೇಲೆ, ಮನೆಯ ಊಟ ಮಾಡಬಹುದು ಎಂದು ಡಾಕ್ಟರು ಹೇಳಿದ ಭಾನುವಾರ, ತಂಗಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವಾಗಲೇ ಕೂಗಿದಳು: "ಅಮ್ಮಾ, ಹೊಟ್ಟೆ ಹಸಿವು! ಬೇಗ ಹಾಕು!"

ಅಮ್ಮ ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು. ಆಮೇಲೆ ಎರಡೂ ಅಂಗೈ ನೀರಿಗೆ ಅದ್ದಿ, ಎಷ್ಟೋ ತಿಂಗಳ ನಂತರ, ಅಜ್ಜಿಯ ಅಳತೆಯ ಮುದ್ದೆ ಕಟ್ಟಿದಳು. ತಂಗಿ ಬಸ್ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದರೆ ಆಂಟಿ ಎದುರಿಗೆ ಕೂತು ಅವಳ ಮುಖ ನೋಡುತ್ತಿದ್ದರು. ಎರಡೂ ಕಣ್ಣು ತೆರೆದಿದ್ದವು.

"ಆಂಟಿ, ಎಷ್ಟು ಗ್ರಾಂ ಹೇಳಿ," ಎಂದೆ.

"ಅವಳ ತಟ್ಟೆ ನಾನ್ ನೋಡಲ್ಲ ಕಣ್ಣಾ." ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು, ಎಡಗಣ್ಣು ಮುಚ್ಚಿಕೊಂಡಿತು. "ನಿಂದು ತೋರ್ಸು."

ಈಗಲೂ ದಿನಾ ತೋರಿಸುತ್ತೇನೆ. ತೋರಿಸಲೇಬೇಕೆಂದು ಯಾವ ಡಾಕ್ಟರೂ ಹೇಳಿಲ್ಲ. ನಮ್ಮ ಮನೆಯಲ್ಲಿ ಇಬ್ಬರು ಬದುಕಿ ಊಟ ಮಾಡುತ್ತಿರುವುದು ಆ ಒಂದು ಕಣ್ಣಿನಿಂದ. ಈ ಋಣಕ್ಕೆ ನನ್ನ ಹತ್ತಿರ ಇರುವುದು ದಿನಕ್ಕೆ ಎರಡು ಫೋಟೋ ಮಾತ್ರ.

ನಿಮ್ಮ ತಟ್ಟೆಯಲ್ಲಿ ನಿಮಗೇ ಕಾಣದ್ದನ್ನು ತೋರಿಸಿಕೊಟ್ಟವರು ಯಾರಾದರೂ ಇದ್ದಾರಾ? ಅತ್ತೆಯೋ, ಪಕ್ಕದ ಮನೆಯವರೋ, ಮೆಸ್ಸಿನ ಭಟ್ಟರೋ? ಕೆಳಗೆ ಬರೆಯಿರಿ, ಆಂಟಿಗೆ ಒಂದೊಂದಾಗಿ ಓದಿ ಹೇಳುತ್ತೇನೆ. ಹಾಗೇ ನಿಮ್ಮ ಮನೆಯ ಒಂದು ಮುದ್ದೆ ಎಷ್ಟು ಗ್ರಾಂ ಎಂದೂ ತಿಳಿಸಿ. ದಯವಿಟ್ಟು ತೂಕಕ್ಕೆ ಹಾಕಿ ಬರೆಯಿರಿ, ಅಂದಾಜಿನಲ್ಲಿ ಬರೆದರೆ ಅವರಿಗೆ ಗೊತ್ತಾಗುತ್ತದೆ.