ಕಾಗಿಣಾ ದಂಡೆಯ ಗೆರೆಕಲ್ಲು

ಫ್ರಾನ್ಸ್ ದೇಶದ ಒಂದು ಊರಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅದರದೇನೂ ತಪ್ಪಿಲ್ಲವೆಂದು ಗೊತ್ತಿದ್ದೂ ಸಿಟ್ಟಿದೆ. ಸಣ್ಣ ಊರು, ನದಿಯ ಎಡದಂಡೆಯ ಮೇಲಿದೆ, ಸುತ್ತ ದ್ರಾಕ್ಷಿ ತೋಟ, ನದಿಗೊಂದು ಕಲ್ಲಿನ ಸೇತುವೆ. ಅದರ ಹೆಸರು ಆಗಲೂ ನನ್ನ ನಾಲಗೆಗೆ ಹೊರಳಲಿಲ್ಲ, ಈಗ ಹೊರಳಿಸುವ ಮನಸ್ಸೂ ಇಲ್ಲ.

ಅದು ನಿಜಾಮರ ಕಾಲ. ತಾಂಡೂರಿನಿಂದ ಎರಡು ಹರದಾರಿ ದೂರ, ಕಾಗಿಣಾ ಹೊಳೆಯ ದಂಡೆಯ ನಮ್ಮದೇ ಊರಿನಲ್ಲಿ ನಾನು ಮಾಸ್ತರನಾಗಿದ್ದೆ. ಚಿಕ್ಕಂದಿನಿಂದ ಹೈದರಾಬಾದಿನ ನೆಂಟರ ಮನೆಯಲ್ಲಿದ್ದು ಉರ್ದುವಿನಲ್ಲಿ ಓದಿದವನು. ಊರಿಗೆ ಮರಳಿದಾಗ ಮೈಮೇಲೆ ಶೇರವಾನಿ ಇತ್ತು, ತಲೆಯಲ್ಲಿ ಊರಿನ ಬಗ್ಗೆ ಏನೂ ಇರಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು. ನಮ್ಮ ಭೂಗೋಳದ ಪುಸ್ತಕದಲ್ಲಿ ಕಾಗಿಣಾಕ್ಕೆ ಒಂದು ಸಾಲೂ ಇರಲಿಲ್ಲ, ಫ್ರಾನ್ಸಿನ ಆ ಊರಿಗೆ ಆರು ಪುಟ ಇದ್ದವು. ಅರ್ಥವಾಗದ ಮಕ್ಕಳು ಅದನ್ನು ರಾಗ ಎಳೆದು ಒಪ್ಪಿಸುತ್ತಿದ್ದರು. ಒಪ್ಪಿಸದವರಿಗೆ ನಾನೇ ಬೆತ್ತದಿಂದ ಬಾರಿಸಿದ್ದೇನೆ. ನೆನೆದರೆ ನನ್ನ ಕೈಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಪಾಠದಲ್ಲಿ ನನಗೆ ಬಲು ಹಿಡಿಸಿದ್ದು ಸೇತುವೆಯ ಕಂಬ. ದೊಡ್ಡ ನೆರೆ ಬಂದಾಗಲೆಲ್ಲ ನೀರು ಎಲ್ಲಿಯವರೆಗೆ ಏರಿತೆಂದು ಊರವರು ಅದರ ಮೇಲೆ ಗೆರೆ ಕೊರೆದು ಇಸವಿ ಬರೆಯುತ್ತಿದ್ದರಂತೆ.

"ಶಾಣ್ಯಾ ಮಂದಿ ಅಂದ್ರ ಹಿಂಗಿರ್ತಾರ ನೋಡ್ರಿ," ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆಯ ಮಣ್ಣಿನ ಜಗಲಿ ನೋಡಿ ಮುಖ ಸಿಂಡರಿಸಿದರು. ತಿಂಗಳೊಳಗೆ ಕಲ್ಲಿನ ಜಗಲಿ ಆಗಬೇಕು, ಇಲ್ಲದಿದ್ದರೆ ಶಾಲೆಗೆ ಬೀಗ ಎಂದರು. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ? ಗಣಿ ಅರ್ಧ ಹರದಾರಿಯಲ್ಲಿತ್ತು. ಬಂಡಿ ಕಟ್ಟಿಸುವಷ್ಟು ತಾಳ್ಮೆ ನನಗಿರಲಿಲ್ಲ. ಹೊಳೆದಂಡೆಯ ದಿಬ್ಬದ ಬುಡದಲ್ಲಿ ಆಳೆತ್ತರದ ಪದರುಗಲ್ಲೊಂದು ನಿಂತಿತ್ತು. ಅದನ್ನೇ ಒಡೆಯಲು ಕಲ್ಲುಕುಟಿಗನನ್ನು ಕರೆಸಿದೆ.

ಅವನು ಉಳಿ ಕೆಳಗಿಟ್ಟು ಕಲ್ಲಿನ ಮೇಲೆ ಕೈಯಾಡಿಸಿದ. "ಮಾಸ್ತರ, ಇದರ ಮ್ಯಾಲ ಗೆರಿ ಅದಾವ್ರಿ. ನಿಮ್ಮಪ್ಪಗ ಒಂದ್ ಮಾತು ಕೇಳಿ ಬರ್ರಿ."

"ಅಪ್ಪ ಎತ್ತು ತರಾಕ ನಾರಾಯಣಖೇಡಕ್ಕ ಹೋಗ್ಯಾನ. ಕುಡುಗೋಲು ಮಸೆದ ಗುರ್ತು ಅವು. ಒಡಿ," ಎಂದೆ.

ಗೆರೆಯ ಮಗ್ಗುಲನ್ನು ಕೆಳಗೆ ಮಾಡಿ ಹಾಸಿಸಿದೆ, ಚಂದ ಕಾಣಲೆಂದು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ನಾನೇ.

ನಾರಾಯಣಖೇಡದ ಸಂತೆಯಿಂದ ಮರಳಿದ ಅಪ್ಪ ಬಯ್ಯಲಿಲ್ಲ. ಜಗಲಿಯ ಅಂಚಿಗೆ ಕುಳಿತು ಆ ಕಲ್ಲು ಏನೆಂದು ಹೇಳಿದ. ಕಾಗಿಣಾ ಊರೊಳಗೆ ಬಂದಾಗಲೆಲ್ಲ ನೀರು ಮುಟ್ಟಿದ ಎತ್ತರಕ್ಕೆ ಹಿರಿಯರು ಅದರ ಮೇಲೆ ಗೆರೆ ಹೊಡೆಯುತ್ತಿದ್ದರು. ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುವ ಮುಂಚೆ ಒಬ್ಬ ಎಲ್ಲಕ್ಕೂ ಮೇಲಿನ ಗೆರೆಗೆ ಕಣ್ಣು ಹಚ್ಚಿ ನಿಲ್ಲುವುದು, ಇನ್ನೊಬ್ಬ ದಿಬ್ಬ ಏರುತ್ತ ಹೋಗುವುದು. ಅವನ ಪಾದ ಇವನ ಕಣ್ಣಿಗೆ ಸಮವಾಗಿ ಕಂಡ ಜಾಗದಿಂದಲೂ ಎರಡಾಳೆತ್ತರ ಮೇಲೆ ಹೋಗಿ ಹಗೇವು ತೋಡುವುದು. ಅಷ್ಟು ಮೇಲಿದ್ದರೆ ಅದರ ತಳಕ್ಕೂ ಹೊಳೆಯ ನೀರು ಜಿನುಗುವುದಿಲ್ಲ.

ನಮ್ಮ ಹಳೆಯ ಹಗೇವಿನ ಗೋಡೆ ಆ ವರ್ಷ ಕುಸಿದಿತ್ತು. ಜೋಳ ಅಂಗಳದಲ್ಲಿ ರಾಶಿ ಬಿದ್ದಿತ್ತು. ಕಲ್ಲು ತುಂಡಾಗಿ ನಿಂತ ಜಾಗವನ್ನೇ ಬಿಟ್ಟಿದ್ದರಿಂದ ಗೆರೆಯ ಎತ್ತರ ತಿಳಿಯುವಂತಿರಲಿಲ್ಲ; ಅಪ್ಪ ಹೊಸ ಹಗೇವನ್ನು ಅಂದಾಜಿನ ಮೇಲೆ ತೋಡಿದ. ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿದ. ಅತ್ತ ಇನ್ಸ್‌ಪೆಕ್ಟರ್ ಮತ್ತೆ ಬಂದು, ಬೂಟುಗಾಲಲ್ಲಿ ಹೊಸ ಜಗಲಿಯ ಮೇಲೆ ನಿಂತು, ಒಬ್ಬ ಹುಡುಗಿಯಿಂದ ಫ್ರಾನ್ಸಿನ ಸೇತುವೆಯ ಪಾಠ ಹೇಳಿಸಿ, "ಶಾಬಾಷ್" ಎಂದರು. ನಾನು ಹಲ್ಲು ಕಿರಿದೆ. ಆ ನಗೆ ನೆನಪಾದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಶ್ರಾವಣದಲ್ಲಿ ಹೊಳೆ ಬಂತು. ಮೂರು ದಿನ ನಿಂತು ಇಳಿಯಿತು. ಹಗೇವಿನ ಬಾಯಿ ತೆರೆದಾಗ ಬಂದ ನಾತಕ್ಕೆ ಅವ್ವ ಸೆರಗು ಮೂಗಿಗೆ ಒತ್ತಿಕೊಂಡು ದೂರ ಸರಿದಳು. ವರ್ಷದ ಜೋಳವೆಲ್ಲ ಕೊಳೆತು ಕಪ್ಪಾಗಿತ್ತು. ದನ ಕೂಡ ಮೂಸಲಿಲ್ಲ.

ಅಪ್ಪ ಅದನ್ನು ಬುಟ್ಟಿಯಲ್ಲಿ ಎತ್ತಿ ಎತ್ತಿ ಹೊರಗೆ ಸುರಿದ. ಕೊನೆಗೆ ಕೈ ತೊಳೆದುಕೊಂಡು ನನ್ನ ಕಡೆ ತಿರುಗಿದ.

"ತಮ್ಮಾ, ಈ ಸಲದ ನೀರು ನಾವು ಕಣ್ಣಾರೆ ಕಂಡ್ವಿ. ನಮ್ಮಪ್ಪನ ಕಾಲದಾಗ ಇದಕ್ಕಿಂತ ಮ್ಯಾಲ ಬಂದಿತ್ತಂತ. ಎಲ್ಲಿತನ ಅಂತ ಆ ಕಲ್ಲಿಗೆ ಗೊತ್ತಿತ್ತು. ನೀ ಓದಿದಾಂವ. ಮುಂದಿನ ಹಗೇವು ಎಲ್ಲಿ ತೋಡ್ಲಿ ಹೇಳು."

ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಫ್ರಾನ್ಸಿನ ಆ ನದಿ ಯಾವ ಇಸವಿಯಲ್ಲಿ ಎಷ್ಟು ಏರಿತ್ತೆಂದು ನನಗೆ ಬಾಯಿಪಾಠವಿತ್ತು.