ಮದ್ದೂರಿನ ಪಾರ್ಕಿನಲ್ಲಿ ಹಾರುವ ತಟ್ಟೆ

ಮಳವಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಮದ್ದೂರಿನ ಪಾರ್ಕಿನೊಳಗೆ ಹೋಗಿ ಕೂತೆ. ಅಲ್ಲಿ ನಾಲ್ಕೈದು ಮರಗಳಿಗೆ ಎದೆಮಟ್ಟದಲ್ಲಿ ಬಿದಿರಿನ ಮಂಕರಿ ಕಟ್ಟಿದ್ದರು. ಅಮೆರಿಕದಲ್ಲಿ ಓದಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಬಂದ ಯಾರೋ ಅಧಿಕಾರಿ ಕೊಟ್ಟ ಪ್ಲಾಸ್ಟಿಕ್ ತಟ್ಟೆಯನ್ನು ಮರದಿಂದ ಮರಕ್ಕೆ ಎಸೆಯುತ್ತ, ಆದಷ್ಟು ಕಡಿಮೆ ಎಸೆತದಲ್ಲಿ ಎಲ್ಲ ಮಂಕರಿಗೂ ಬೀಳಿಸುವುದು ಆಟ. ಹೊಸಬರಿಗೂ ಎಟುಕುವಷ್ಟು ಹತ್ತಿರದ ಮರಗಳು. ಊರಿಗೆಲ್ಲ ತಟ್ಟೆ ಅದೊಂದೇ; ಗೆದ್ದವರ ಮನೆಯಲ್ಲಿ ಮುಂದಿನ ಭಾನುವಾರದವರೆಗೆ ಅದರ ವಾಸ.

ಆಡುತ್ತಿದ್ದವರು ಒಬ್ಬ ಮೇಷ್ಟ್ರು, ಒಬ್ಬ ರೈತ ಗೌಡರು. ಇಬ್ಬರೂ ಸಮಸಮ. ಕೊನೆಯ ಎಸೆತಕ್ಕೆ ಎತ್ತಿದ ಕೈಯನ್ನು ಗೌಡರು ಥಟ್ಟನೆ ಇಳಿಸಿದರು. ಕೊನೆಯ ಮರದ ಬುಡದಲ್ಲಿ ಬದನೆಕಾಯಿ ಮಾರುವ ಮುದುಕಿ ಮುದ್ದೆ ಮುರಿಯುತ್ತಿದ್ದಳು.

"ನಿದಾನಕ್ಕೆ ಉಣ್ಣವ್ವ, ಕಾಯ್ತೀವಿ," ಎಂದರು ಗೌಡರು.

ಎದ್ದು ಹೋಗು ಎನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ಮಳವಳ್ಳಿ ಬಸ್ಸು ಹಾರನ್ ಹೊಡೆದು ಹೊರಟಿತು. ರಂಗೇರಿದ ಆಟವನ್ನು ಒಬ್ಬಳ ಊಟಕ್ಕಾಗಿ ನಿಲ್ಲಿಸಿದ ಜನರನ್ನು ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ.

ಮುದುಕಿ ಕೈ ತೊಳೆದು ಪಕ್ಕಕ್ಕೆ ಸರಿದಳು. ಗೌಡರು ಎಸೆದರು. ತಟ್ಟೆ ಮರದ ಮಂಕರಿಯ ಅಂಚಿಗೆ ಬಡಿದು, ಕೆಳಗಿದ್ದ ಅವಳ ಬದನೆಕಾಯಿ ಮಂಕರಿಯೊಳಗೆ ಬಿತ್ತು.

"ಇದು ಲೆಕ್ಕಕ್ಕಿಲ್ಲ!" ಎಂದರು ಮೇಷ್ಟ್ರು.

"ಅದೂ ಮಂಕ್ರಿನೇ ಅಲ್ವಾ ಮೇಷ್ಟ್ರೇ?" ಎಂದರು ಗೌಡರು.

ನ್ಯಾಯಕ್ಕೆ ಇಬ್ಬರೂ ಮುದುಕಿಯ ಮುಖ ನೋಡಿದರು. ಅವಳು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬದನೆಕಾಯಿಯ ಮೇಲೆ ಮುಚ್ಚಿದಳು.

"ನನ್ ಮಂಕ್ರಿಗೆ ಬಿದ್ದಿದ್ದು ನಂದೇ ಕಣ್ರಪ್ಪಾ. ಬರೋ ಭಾನ್ವಾರ ತತ್ತೀನಿ ಬುಡಿ."

ಮೇಷ್ಟ್ರೂ ಗೌಡರೂ ಸೇರಿ ಮಂಕರಿಯನ್ನು ಅವಳ ತಲೆಯ ಮೇಲಕ್ಕೆ ಎತ್ತಿಕೊಟ್ಟರು.