ಕೆರೆಯದೆ ಬಿಟ್ಟ ಗೆರೆ

ಕಿಟಕಿ ಗಾಜಿನ ಮೂಲೆಯಲ್ಲಿ ಪೇಂಟಿನ ಒಂದು ಹನಿ. ಅದನ್ನು ಉಜ್ಜಲು ತಂದ ನೀಲಿ ದ್ರಾವಣದಿಂದ ಅಮೋನಿಯಾ ವಾಸನೆ ಮೂಗಿಗೆ ಹೊಡೆಯಿತು. ಜಯನಗರದ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಮನೆ ಪ್ಲಾನುಗಳ ಪ್ರಿಂಟು ತೆಗೆಯುತ್ತಿದ್ದಾಗ ಬರುತ್ತಿದ್ದ ವಾಸನೆಯೇ ಇದು. ತೊಂಬತ್ತರ ದಶಕ, ನಾನು ಅಲ್ಲಿ ಪ್ಲಾನು ಬರೆಯುವ ಡ್ರಾಫ್ಟ್ಸ್‌ಮನ್.

ಟ್ರೇಸಿಂಗ್ ಹಾಳೆಯ ಮೇಲೆ ಇಂಕು ಕೂದಲಷ್ಟು ಹರಡಿದರೂ ಅರ್ಧ ಬ್ಲೇಡಿನಿಂದ ಕೆರೆಯುತ್ತಿದ್ದೆ. ಹಾಳೆ ತೂತಾಗುವವರೆಗೆ ಕೆರೆದು, ಆಮೇಲೆ ಹೊಸ ಹಾಳೆಯಲ್ಲಿ ಮೊದಲಿನಿಂದ ಶುರು. ನನ್ನನ್ನು ಶ್ರದ್ಧಾವಂತ ಎಂದುಕೊಂಡವನು ಆಫೀಸಿನಲ್ಲಿ ನಾನೊಬ್ಬನೇ.

"ಏನ್ರೀ, ಮನೆ ಕಟ್ಟಿಸೋದಾ, ನಿಮ್ಮ ಗೆರೆಗೆ ಪೂಜೆ ಮಾಡೋದಾ?" ಎಂದರು ನಮ್ಮ ಎಂಜಿನಿಯರು. "ಕತ್ರಿಗುಪ್ಪೆ ಮನೆ ಪ್ಲಾನು ಸೋಮವಾರ ಸೈಟಲ್ಲಿ ಇರ್ಲಿಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ."

ಯಡಿಯೂರು ಕೆರೆಯ ಹತ್ತಿರ ಮನಶ್ಶಾಸ್ತ್ರಜ್ಞೆಯೊಬ್ಬರಿದ್ದರು. ಈ ಕೆರೆಯುವುದನ್ನು ಬಿಡಲಾಗದೆ ಎರಡು ವಾರದಿಂದ ಅವರ ಹತ್ತಿರ ಹೋಗುತ್ತಿದ್ದೆ. ನನ್ನ ಬಾಲ್ಯದ ಬಗ್ಗೆ ಕೇಳುತ್ತಾರೆಂದು ಒಂದಿಷ್ಟು ದುಃಖ ಸಿದ್ಧಮಾಡಿಕೊಂಡಿದ್ದೆ. ಅವರು ಗೆರೆಯನ್ನೇ ಹಿಡಿದರು.

"ಒಂದು ಗೆರೆ ದಪ್ಪ ಆದ್ರೆ ಏನಾಗುತ್ತೆ?"

"ಮೇಸ್ತ್ರಿ ಗೋಡೆ ದಪ್ಪ ಕಟ್ತಾನೆ, ಮೇಡಂ. ಮೆಟ್ಟಿಲು ಇಕ್ಕಟ್ಟಾಗುತ್ತೆ. ನಾನು ಕೆಲಸಕ್ಕೆ ಬಾರದವನು ಅಂತ ಎಲ್ಲರಿಗೂ ಗೊತ್ತಾಗುತ್ತೆ."

"ಇದನ್ನ ನೂರಕ್ಕೆ ಎಷ್ಟು ನಂಬ್ತೀರಿ?"

"ತೊಂಬತ್ತೈದು."

"ಉಳಿದ ಐದು?"

ನಾನು ಅವರ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದೆ.

"ಆ ಐದನ್ನ ಪರೀಕ್ಷೆ ಮಾಡಿ. ಈ ಸಲ ಇಂಕು ಹರಡಿದ್ರೆ ಕೆರೀಬೇಡಿ. ಏನಾಗುತ್ತೆ ಅಂತ ಮೊದಲೇ ಬರೆದಿಡಿ, ಏನಾಯ್ತು ಅಂತ ಪಕ್ಕದಲ್ಲಿ ಬರೀರಿ."

ಇಂಕು ಹರಡಿತು, ಮೆಟ್ಟಿಲ ಗೋಡೆಯ ಗೆರೆಯಲ್ಲೇ. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿ, ಪ್ರಿಂಟು ತೆಗೆಸಿ, ಸೋಮವಾರ ನಾನೇ ಸೈಟಿಗೆ ಒಯ್ದೆ. ಮೇಸ್ತ್ರಿ ಮರಳಿನ ಮೇಲೆ ಹಾಳೆ ಹಾಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಇಟ್ಟ. ಸರಿಯಾಗಿ ಆ ಇಂಕಿನ ಮಚ್ಚೆಯ ಮೇಲೆ. ಅಥವಾ ಅದು ಇಟ್ಟಿಗೆಯಲ್ಲ, ಟಿಫಿನ್ ಡಬ್ಬಿಯೋ ಏನೋ. ಮಚ್ಚೆಯ ಮೇಲೇ ಇತ್ತೋ ಇಲ್ಲವೋ. ನೆನಪಿಗೂ ಬ್ಲೇಡಿನ ಚಟವಿದೆ, ಕೆರೆದು ಚೊಕ್ಕ ಮಾಡುತ್ತದೆ.

ನನಗೆ ತಡೆಯಲಾಗಲಿಲ್ಲ. "ಮೇಸ್ತ್ರಿ, ಇಲ್ಲಿ ಗೆರೆ ಸ್ವಲ್ಪ ದಪ್ಪ..."

"ಗೆರೆ ಯಾರ್ ನೋಡ್ತಾರೆ ಸಾರ್? ಒಂಬತ್ತಿಂಚು ಅಂತ ಬರ್ದಿದ್ದೀರಲ್ಲ, ಒಂಬತ್ತಿಂಚೇ ಕಟ್ತೀನಿ. ನೀವು ಲೇಟ್ ಮಾಡ್ಬೇಡಿ ಅಷ್ಟೆ. ಮೂರು ದಿನದಿಂದ ನಮ್ಮ ಜನ ಸುಮ್ನೆ ಕೂತವ್ರೆ."

ಆ ಜನ ನನ್ನ ಲೆಕ್ಕದಲ್ಲಿ ಎಂದೂ ಇರಲಿಲ್ಲ. ಸಂಜೆ ಬರೆದೆ: ಗೋಡೆ ಒಂಬತ್ತಿಂಚು. ನನ್ನ ಕೆಲಸ ಹೋಗಲಿಲ್ಲ. ನಂಬಿಕೆ, ನೂರಕ್ಕೆ ಎಪ್ಪತ್ತು.

ಮರುದಿನ ಬ್ಲೇಡು ಮತ್ತೆ ಕೈಗೆ ಬಂತು. ಮತ್ತೆ ಸುತ್ತಿಟ್ಟೆ. ಹೀಗೆ ಎಷ್ಟೋ ವರ್ಷ, ಹಾಳೆಗೊಂದು ತಪ್ಪು ಕೆರೆಯದೆ ಬಿಡುವುದನ್ನು ಕಲಿತೆ.

ಈಗ ಗಾಜನ್ನು ಉಜ್ಜತೊಡಗಿ ಇಪ್ಪತ್ತು ನಿಮಿಷ. ಈ ಹನಿ ಉಳಿದರೆ ನಾನು ಕೆಲಸಕ್ಕೆ ಬಾರದವನು ಎಂದು ನೂರಕ್ಕೆ ಎಷ್ಟು ನಂಬುತ್ತೇನೆ ಎಂದು ಕೇಳಿಕೊಂಡೆ. ನಲವತ್ತು; ಸೊನ್ನೆಗೆ ಇಳಿದದ್ದೇ ಇಲ್ಲ. ನಲವತ್ತು ಇಟ್ಟುಕೊಂಡೇ ಬಟ್ಟೆ ಹಿಂಡಿ ಒಣಹಾಕಿದೆ. ಹನಿಯ ಪಕ್ಕದಿಂದ ಬೀದಿ ಚೆನ್ನಾಗಿಯೇ ಕಾಣುತ್ತಿತ್ತು.